ಓದುಗರ ಪ್ರಶ್ನೋತ್ತರ: ಬೆಳೆಯುತ್ತಿರುವ ಸೌರ ಕಂಪನಿಯ ಷೇರು ಕೊಳ್ಳಬಹುದೇ?

ಸೌರ ವಿದ್ಯುತ್ ಕಂಪನಿಗಳ ಷೇರುಗಳನ್ನು ಕುರಿತು ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲ ಪತ್ರದ ಪ್ರಶ್ನೆಯನ್ನೇ ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿರುವುದರಿಂದ ಅದರ ಉತ್ತರ ದೀರ್ಘವಾಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಅನುದಾನಿತ ಪ್ರೌಢಶಾಲೆಯೊಂದರ ಶಿಕ್ಷಕ. ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ಬ್ಯಾಂಕಿನಲ್ಲಿರುವ ಆರು ಲಕ್ಷ ರೂಪಾಯಿಯ ಠೇವಣಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಷ್ಟನ್ನೂ ಸೌರ ಫಲಕ ತಯಾರಿಸುವ ಒಂದು ಕಂಪನಿಯ ಷೇರಿನಲ್ಲಿ ತೊಡಗಿಸೋಣ ಎನ್ನುತ್ತಿದ್ದಾನೆ. ಎರಡೇ ವರ್ಷಗಳಲ್ಲಿ ಕಂಪನಿಯ ಲಾಭ ಹಲವು ಪಟ್ಟಾಗಿದೆ, ಸರ್ಕಾರವೇ ಸೌರ ವಿದ್ಯುತ್ತಿನ ಬೆನ್ನಿಗಿದೆ, ಹಾಗಾಗಿ ಇದು ಬೆಳೆಯದೆ ಇರುವುದಿಲ್ಲ ಎಂಬುದು ಅವನ ವಾದ. ಹೂಡಬಹುದೇ? ಅಥವಾ ಆ ಹಣದಲ್ಲಿ ಸ್ವಲ್ಪವನ್ನು ನಮ್ಮ ಮನೆಯ ತಾರಸಿಗೆ ಪ್ಯಾನೆಲ್ ಹಾಕಿಸಲು ಬಳಸುವುದು ಮೇಲೇ? – ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮಗನ ವಾದದ ಮೊದಲರ್ಧ ಸರಿಯಾಗಿದೆ. 2014ರಲ್ಲಿ ದೇಶದ ಸೌರ ವಿದ್ಯುತ್ ಸಾಮರ್ಥ್ಯ ಮೂರು ಗಿಗಾವಾಟ್‌ನ (ಒಂದು ಗಿಗಾವಾಟ್ ಎಂದರೆ ಸಾವಿರ ಮೆಗಾವಾಟ್) ಆಸುಪಾಸಿನಲ್ಲಿತ್ತು. 2025ರ ಜನವರಿಯಲ್ಲಿ ಅದು 100 ಗಿಗಾವಾಟ್ ದಾಟಿತು. ಪಾವಗಡದ ಸೌರ ಪಾರ್ಕ್ ಇಡಿಯಾಗಿ ಸುಮಾರು ಎರಡು ಗಿಗಾವಾಟ್ ಎಂಬುದನ್ನು ನೆನೆದರೆ ಈ ಬೆಳವಣಿಗೆಯ ಗಾತ್ರ ತಿಳಿಯುತ್ತದೆ. 2030ರ ಹೊತ್ತಿಗೆ ಕಲ್ಲಿದ್ದಲು ಮತ್ತು ತೈಲವನ್ನು ಅವಲಂಬಿಸದ ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಪಡೆಯಬೇಕೆಂಬುದು ಕೇಂದ್ರ ಸರ್ಕಾರದ ಗುರಿ, ಮತ್ತು ಅದರಲ್ಲಿ ದೊಡ್ಡ ಪಾಲು ಸೂರ್ಯನದೇ. ಸೌರ ವಿದ್ಯುತ್ ಬೆಳೆಯುತ್ತದೆ ಎಂಬ ಮಾತಿನಲ್ಲಿ ನಮಗೆ ಅನುಮಾನವಿಲ್ಲ.

ಅನುಮಾನವಿರುವುದು ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ. ಉದ್ಯಮ ಬೆಳೆದರೆ ಅದರಲ್ಲಿರುವ ಕಂಪನಿಗಳಿಗೆ ಲಾಭ, ಕಂಪನಿಗೆ ಲಾಭವಾದರೆ ಇಂದಿನ ಬೆಲೆಗೆ ಷೇರು ಕೊಂಡವನಿಗೂ ಲಾಭ ಎಂದು ನಾವು ಸಲೀಸಾಗಿ ಭಾವಿಸಿಬಿಡುತ್ತೇವೆ. ಈ ಎರಡು ಕೊಂಡಿಗಳೂ ಕಳಚಿಹೋಗಬಹುದು, ಮತ್ತು ಸೌರ ಉದ್ಯಮದಲ್ಲಿ ಅವು ಕಳಚಿಹೋದ ಉದಾಹರಣೆಗಳು ಬೇಕಾದಷ್ಟಿವೆ.

ಮೊದಲ ಕೊಂಡಿಯನ್ನು ನೋಡೋಣ. ಜಗತ್ತಿನಲ್ಲಿ ಸೌರ ಫಲಕಗಳ ಬಳಕೆ ಇಷ್ಟು ವೇಗವಾಗಿ ಹೆಚ್ಚಿರುವುದಕ್ಕೆ ಮುಖ್ಯ ಕಾರಣ ಅವುಗಳ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿದಿರುವುದು. ಫಲಕ ಅಳವಡಿಸುವವನಿಗೆ ವರವಾದ ಆ ಕುಸಿತವೇ ಫಲಕ ತಯಾರಿಸಿ ಮಾರುವವನಿಗೆ ಹೊಡೆತ. 2024ರಲ್ಲಿ ಜಗತ್ತಿನಾದ್ಯಂತ ಹಿಂದೆಂದೂ ಇಲ್ಲದಷ್ಟು ಸೌರ ಫಲಕಗಳು ಅಳವಡಿಕೆಯಾದವು. ಅದೇ ವರ್ಷ, ಈ ಉದ್ಯಮದ ದೈತ್ಯ ಕಂಪನಿಗಳಲ್ಲಿ ಒಂದಾದ ಚೀನಾದ ಲೋಂಗಿ ಸುಮಾರು 860 ಕೋಟಿ ಯುವಾನ್ ನಷ್ಟ ತೋರಿಸಿತು. ಅಲ್ಲಿ ಅಗತ್ಯಕ್ಕಿಂತ ಬಹಳ ಹೆಚ್ಚು ಕಾರ್ಖಾನೆಗಳು ತಲೆಯೆತ್ತಿದ್ದವು, ಎಲ್ಲರೂ ಮಾಲು ಖಾಲಿ ಮಾಡಲು ಬೆಲೆ ಇಳಿಸಿದರು, ಕಡೆಗೆ ತಯಾರಿಕೆಯ ವೆಚ್ಚವೂ ಹುಟ್ಟದ ಸ್ಥಿತಿ ಬಂತು. ಇದು ಹೊಸ ಕಥೆಯೂ ಅಲ್ಲ. 2005ರ ಕೊನೆಯಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂದ ಚೀನಾದ ಸನ್‌ಟೆಕ್ ಕೆಲವೇ ವರ್ಷಗಳಲ್ಲಿ ಜಗತ್ತಿನ ಅತಿದೊಡ್ಡ ಫಲಕ ತಯಾರಕ ಕಂಪನಿಯಾಗಿ ಬೆಳೆಯಿತು. 2013ರ ಮಾರ್ಚ್‌ನಲ್ಲಿ ಅದರ ಮುಖ್ಯ ಘಟಕವೇ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಭಾರತದ ಕಂಪನಿಗಳು ಅದೇ ಹೊತ್ತಿನಲ್ಲಿ ಒಳ್ಳೆಯ ಲಾಭ ಮಾಡಿದ್ದು ಹೇಗೆ ಎಂದು ನಿಮ್ಮ ಮಗ ಕೇಳಬಹುದು. ಅದಕ್ಕೆ ದೊಡ್ಡ ಕಾರಣ ಸರ್ಕಾರ ಕಟ್ಟಿಕೊಟ್ಟ ರಕ್ಷಣೆ. 2022ರ ಏಪ್ರಿಲ್‌ನಿಂದ ವಿದೇಶಿ ಫಲಕಗಳ ಮೇಲೆ ಶೇ 40 ಆಮದು ಸುಂಕ ಬಿತ್ತು. ಸುಂಕದ ಹೆಸರುಗಳು ಮುಂದೆ ಬದಲಾದರೂ ಒಟ್ಟು ಹೊರೆ ಅಷ್ಟೇ ಉಳಿಯಿತು. ಇದರ ಜೊತೆಗೆ ಸರ್ಕಾರ ಒಪ್ಪಿದ ತಯಾರಕರ ಪಟ್ಟಿಯೊಂದಿದೆ. ಎಎಲ್‌ಎಂಎಂ ಎಂದು ಕರೆಯುವ ಈ ಪಟ್ಟಿಯಲ್ಲಿಲ್ಲದ ಫಲಕಗಳನ್ನು ಸರ್ಕಾರಿ ಯೋಜನೆಗಳಲ್ಲಿ ಬಳಸುವಂತಿಲ್ಲ. ಒಂದು ವರ್ಷ ತಡೆಹಿಡಿದಿದ್ದ ಈ ನಿಯಮ 2024ರ ಏಪ್ರಿಲ್‌ನಿಂದ ಮತ್ತೆ ಜಾರಿಗೆ ಬಂತು, ನಮ್ಮ ಕಂಪನಿಗಳ ಲಾಭವೂ ಆಮೇಲೆ ಎದ್ದು ಕಾಣುವಂತಾಯಿತು. ಈ ನೀತಿ ತಪ್ಪೆಂದು ನಾವು ಹೇಳುತ್ತಿಲ್ಲ. ದೇಶದೊಳಗೆ ಕಾರ್ಖಾನೆಗಳು ಬೆಳೆಯಬೇಕಾದರೆ ಇಂಥ ಆಸರೆ ಬೇಕಾಗಬಹುದು. ಆದರೆ ಲಾಭದಲ್ಲಿ ಎಷ್ಟು ಭಾಗ ಕಂಪನಿಯ ಸ್ವಂತ ಸಾಮರ್ಥ್ಯದ್ದು, ಎಷ್ಟು ಭಾಗ ಸುಂಕದ ಗೋಡೆಯದು ಎಂದು ಹೂಡಿಕೆದಾರ ಕೇಳಿಕೊಳ್ಳಲೇಬೇಕು. ಗೋಡೆಯೊಳಗೂ ಈಗ ಜನ ತುಂಬುತ್ತಿದ್ದಾರೆ: 2025ರ ಆಗಸ್ಟ್ ಹೊತ್ತಿಗೆ ಪಟ್ಟಿಯಲ್ಲಿರುವ ಫಲಕ ತಯಾರಿಕೆಯ ಸಾಮರ್ಥ್ಯ ವರ್ಷಕ್ಕೆ 100 ಗಿಗಾವಾಟ್ ಮುಟ್ಟಿತು, ಆದರೆ ಅದಕ್ಕೆ ಹಿಂದಿನ ಆರ್ಥಿಕ ವರ್ಷದಲ್ಲಿ ದೇಶದಲ್ಲಿ ಹೊಸದಾಗಿ ಸೇರಿದ ಸೌರ ವಿದ್ಯುತ್ ಸಾಮರ್ಥ್ಯ ಸುಮಾರು 24 ಗಿಗಾವಾಟ್ ಮಾತ್ರ. ಉಳಿದ ಮಾಲು ರಫ್ತಾಗಬೇಕು. ನಮ್ಮ ಫಲಕಗಳ ಮುಖ್ಯ ವಿದೇಶಿ ಗ್ರಾಹಕನಾದ ಅಮೆರಿಕ 2025ರಲ್ಲಿ ಭಾರತದ ಸರಕುಗಳ ಮೇಲೆ ಸುಂಕವನ್ನು ಏರಿಸಿದಾಗ ಆ ದಾರಿ ಎಷ್ಟು ಇಕ್ಕಟ್ಟಿನದು ಎಂಬುದು ಗೊತ್ತಾಯಿತು.

ಆದ್ದರಿಂದ ಮಗನನ್ನು ಮೊದಲು ಒಂದು ಪ್ರಶ್ನೆ ಕೇಳಿ. ಆ ಕಂಪನಿ ಫಲಕದೊಳಗಿದ್ದು ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್‌ಗಳನ್ನೂ ತಯಾರಿಸುತ್ತದೆಯೇ, ಅಥವಾ ಬೇರೆಡೆಯಿಂದ ತಂದ ಸೆಲ್‌ಗಳನ್ನು ಜೋಡಿಸಿ, ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟು ಹಾಕಿ ಫಲಕ ಮಾಡುತ್ತದೆಯೇ? ಜೋಡಣೆಯ ಕಾರ್ಖಾನೆಯನ್ನು ಕಡಿಮೆ ಬಂಡವಾಳದಲ್ಲಿ, ಕಡಿಮೆ ಸಮಯದಲ್ಲಿ ಕಟ್ಟಬಹುದು. ಆದ್ದರಿಂದಲೇ ಅಲ್ಲಿ ಪೈಪೋಟಿ ಬೇಗ ಹೆಚ್ಚುತ್ತದೆ. ಸೆಲ್ ತಯಾರಿಕೆ ಹಾಗಲ್ಲ, ಅದಕ್ಕೆ ಬಂಡವಾಳವೂ ನುರಿತ ಕೈಗಳೂ ಹೆಚ್ಚು ಬೇಕು. ಫಲಕದೊಳಗಿನ ಸೆಲ್‌ಗಳೂ ಒಪ್ಪಿತ ಪಟ್ಟಿಯ ಕಂಪನಿಗಳದೇ ಆಗಿರಬೇಕೆಂಬ ನಿಯಮಕ್ಕೆ ಸರ್ಕಾರ 2026ರ ಜೂನ್ 1ನ್ನು ನಿಗದಿಪಡಿಸಿತು. ಈ ನಿಯಮದಿಂದ ಸೆಲ್ ಘಟಕವಿರುವ ಕಂಪನಿಗೂ ಇಲ್ಲದ ಕಂಪನಿಗೂ ನಡುವಿನ ಅಂತರ ಹಿಗ್ಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ‘ಸೋಲಾರ್ ಕಂಪನಿ’ಗಳೇ.

ಇನ್ನು ಎರಡನೆಯ ಕೊಂಡಿ, ಅಂದರೆ ಬೆಲೆ. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಕಂಪನಿಯ ವಾರ್ಷಿಕ ಲಾಭ 500 ಕೋಟಿ ರೂಪಾಯಿ, ಅದರ ಎಲ್ಲ ಷೇರುಗಳ ಇಂದಿನ ಒಟ್ಟು ಮಾರುಕಟ್ಟೆ ಬೆಲೆ 30,000 ಕೋಟಿ ಎಂದು ಊಹಿಸಿಕೊಳ್ಳಿ. ಅಂದರೆ ಮಾರುಕಟ್ಟೆ ಲಾಭದ 60 ಪಟ್ಟು ಬೆಲೆ ಕೊಡುತ್ತಿದೆ, ಪತ್ರಿಕೆಗಳಲ್ಲಿ ಪಿ.ಇ. ಅನುಪಾತ ಎಂದು ಬರೆಯುವುದು ಇದನ್ನೇ. ಕಂಪನಿ ಸೊಗಸಾಗಿ ನಡೆದು ಲಾಭ ವರ್ಷಕ್ಕೆ ಶೇ 25ರಂತೆ ಐದು ವರ್ಷ ಬೆಳೆಯಿತು ಎನ್ನೋಣ. ಆಗ ಲಾಭ ಮೂರು ಪಟ್ಟಾಗಿ ಸುಮಾರು 1,526 ಕೋಟಿ ಆಗುತ್ತದೆ. ಆದರೆ ಅಷ್ಟರಲ್ಲಿ ಉದ್ಯಮ ಹಳೆಯದಾಗಿ, ಉತ್ಸಾಹ ಇಳಿದು, ಮಾರುಕಟ್ಟೆ ಲಾಭದ 20 ಪಟ್ಟು ಮಾತ್ರ ಕೊಡಲು ಒಪ್ಪಿದರೆ ಒಟ್ಟು ಬೆಲೆ 30,500 ಕೋಟಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮ್ಮ ಆರು ಲಕ್ಷ ಐದು ವರ್ಷಗಳ ನಂತರ ಆರು ಲಕ್ಷದ ಹತ್ತು ಸಾವಿರ ಆಗಿರುತ್ತದೆ. ಅದನ್ನೇ ಶೇ 6.5 ಬಡ್ಡಿಯ ಠೇವಣಿಯಲ್ಲಿ ಮುಂದುವರಿಸಿದ್ದರೆ ಎಂಟು ಲಕ್ಷದ ಇಪ್ಪತ್ತು ಸಾವಿರ ದಾಟುತ್ತಿತ್ತು. ಈ ಲೆಕ್ಕದಲ್ಲಿ ಕಂಪನಿ ಸೋಲಲಿಲ್ಲ, ಯಾರೂ ಮೋಸ ಮಾಡಲಿಲ್ಲ, ನಿಮ್ಮ ಮಗ ಹೇಳಿದಂತೆ ಬೆಳವಣಿಗೆಯೂ ಆಯಿತು. ಕೊಂಡ ಬೆಲೆಯೊಳಗೇ ಆ ಬೆಳವಣಿಗೆ ಸೇರಿಹೋಗಿತ್ತು, ಅಷ್ಟೆ. ಮಾರುಕಟ್ಟೆ 60 ಪಟ್ಟನ್ನೇ ಉಳಿಸಿಕೊಂಡರೆ ನಿಮ್ಮ ಹಣ 18 ಲಕ್ಷವಾಗುತ್ತದೆ ಎಂಬುದೂ ನಿಜವೇ, ಮತ್ತು ಮಗನ ಕಣ್ಣಿಗೆ ಬಿದ್ದಿರುವುದು ಆ ಸಂಖ್ಯೆ. ಯಾವ ಕಂಪನಿಯ ಹೆಸರು ಹೇಳಿದರೂ ಅದರ ಪಿ.ಇ. ಎಷ್ಟಿದೆ ಎಂದು ನೋಡಿ, ಈ ಲೆಕ್ಕವನ್ನು ಮೂರು ಬಗೆಯ ಊಹೆಗಳೊಂದಿಗೆ ಕಾಗದದ ಮೇಲೆ ಮಾಡಿಸಿ.

ಲಾಭದ ಅಂಕಿಯನ್ನೂ ಹಾಗೆಯೇ ನಂಬಬಾರದು. ಕಂಪನಿಯ ವಾರ್ಷಿಕ ವರದಿ ಅದರ ಜಾಲತಾಣದಲ್ಲೂ ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಲಾಭ–ನಷ್ಟದ ಪಟ್ಟಿಗಿಂತ ಮೊದಲು ನಗದು ಹರಿವಿನ ಪಟ್ಟಿಯನ್ನು ತೆರೆದು, ವ್ಯವಹಾರದಿಂದ ಬಂದ ನಗದು ಎಷ್ಟು ಎಂಬ ಸಾಲನ್ನು ಹುಡುಕಿ. ಸೌರ ಸ್ಥಾವರಗಳನ್ನು ಗುತ್ತಿಗೆಯ ಮೇಲೆ ಕಟ್ಟಿಕೊಡುವ ಕಂಪನಿಗಳಲ್ಲಿ ಇದು ಬಹಳ ಮುಖ್ಯ. ನೂರು ಕೋಟಿ ಲಾಭ ತೋರಿಸಿದ ಕಂಪನಿಗೆ ಗ್ರಾಹಕರಿಂದ ಬರಬೇಕಾದ ಬಾಕಿ ಅದೇ ವರ್ಷ 200 ಕೋಟಿಯಿಂದ 420 ಕೋಟಿಗೆ ಏರಿದ್ದರೆ, ತಾನು ಕೊಡಬೇಕಾದ ಬಾಕಿಯನ್ನು 50 ಕೋಟಿಯಷ್ಟು ಮುಂದೂಡಿದ ಮೇಲೂ ಅದರ ಕೈಯಿಂದ 70 ಕೋಟಿ ಹೊರಗೆ ಹೋಗಿರುತ್ತದೆ. ಲಾಭ ಕಾಗದದಲ್ಲಿರುತ್ತದೆ, ಸಂಬಳಕ್ಕೆ ಸಾಲ ತರಬೇಕಾಗುತ್ತದೆ. ಒಂದು ವರ್ಷ ಹೀಗಾದರೆ ಆತಂಕ ಬೇಡ. ಮೂರು ವರ್ಷ ಸತತವಾಗಿ ಲಾಭ ಏರುತ್ತಾ ನಗದು ಇಳಿಯುತ್ತಾ ಹೋಗಿದ್ದರೆ ಅಂಥ ಷೇರಿನ ಹತ್ತಿರ ಹೋಗಬೇಡಿ. ಪ್ರವರ್ತಕರು, ಅಂದರೆ ಕಂಪನಿಯನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡಿರುವವರು, ತಮ್ಮ ಷೇರುಗಳನ್ನು ಸಾಲಕ್ಕೆ ಅಡವಿಟ್ಟಿದ್ದಾರೆಯೇ, ಅವರ ಪಾಲು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಕರಗುತ್ತಿದೆಯೇ ಎಂಬುದೂ ಅದೇ ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಕಾಣುತ್ತದೆ.

ಇದು ಬರಿಯ ಎಚ್ಚರಿಕೆಯ ಮಾತಲ್ಲ. ಸೌರ ಸಲಹೆ ಮತ್ತು ಸ್ಥಾವರ ನಿರ್ಮಾಣದಿಂದ ಆರಂಭವಾಗಿ, ಆಮೇಲೆ ವಿದ್ಯುತ್ ಕಾರುಗಳ ವ್ಯವಹಾರಕ್ಕೂ ಇಳಿದ ಜೆನ್ಸಾಲ್ ಎಂಜಿನಿಯರಿಂಗ್ ಕೆಲವು ಕಾಲ ಹೂಡಿಕೆದಾರರ ಅಚ್ಚುಮೆಚ್ಚಿನ ಷೇರಾಗಿತ್ತು. ಕಾರು ಕೊಳ್ಳಲು ಸರ್ಕಾರಿ ಹಣಕಾಸು ಸಂಸ್ಥೆಗಳಿಂದ ಪಡೆದ ಸಾಲದ ಒಂದು ಭಾಗ ಪ್ರವರ್ತಕರ ಸ್ವಂತ ಖರ್ಚಿಗೆ ಹೋಗಿರುವಂತೆ ಕಾಣುತ್ತದೆ ಎಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2025ರ ಏಪ್ರಿಲ್ 15ರ ಮಧ್ಯಂತರ ಆದೇಶದಲ್ಲಿ ಹೇಳಿತು. ಜೂನ್‌ನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಗಮನಿಸಬೇಕಾದದ್ದು ಏನೆಂದರೆ, ಆ ಆದೇಶಕ್ಕೆ ಮುಂಚೆಯೇ ಮಾರ್ಚ್‌ನಲ್ಲಿ ಸಾಲ ಮೌಲ್ಯಮಾಪನ ಸಂಸ್ಥೆಗಳು ಅದರ ದರ್ಜೆಯನ್ನು ಸಾಲ ತೀರಿಸಲು ತಪ್ಪಿದವರ ದರ್ಜೆಗೆ ಇಳಿಸಿದ್ದವು. ಷೇರಿನ ಬೆಲೆಯನ್ನು ದಿನಕ್ಕೆ ಹತ್ತು ಸಲ ನೋಡುವವರೂ ಕಂಪನಿಯ ಸಾಲದ ದರ್ಜೆಯನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ ಎಂಬುದು ನಮಗೆ ಬೇಸರ ತರುವ ಸಂಗತಿ.

ನಿಮ್ಮ ವಿಷಯಕ್ಕೆ ಬಂದರೆ, ನಿವೃತ್ತಿಗೆ ಮೂರು ವರ್ಷವಿರುವಾಗ ಆರು ಲಕ್ಷವನ್ನೂ ಒಂದೇ ಕಂಪನಿಯಲ್ಲಿ ಹಾಕುವುದನ್ನು ನಾವು ಒಪ್ಪುವುದಿಲ್ಲ. ಆ ಕಂಪನಿ ಎಷ್ಟೇ ಒಳ್ಳೆಯದಿರಲಿ, ಉತ್ತರ ಇದೇ. ಬೆಲೆ ಅರ್ಧಕ್ಕೆ ಬಿದ್ದ ವರ್ಷವೇ ನಿಮಗೆ ಹಣ ಬೇಕಾದರೆ ಕಾಯಲು ನಿಮ್ಮ ಬಳಿ ಸಮಯವಿರುವುದಿಲ್ಲ. ನಿಮ್ಮ ಮಗನಿಗೆ ಆ ಸಮಯವಿದೆ. ಅವನು ತನ್ನ ಸಂಬಳದಿಂದ ಹೂಡಲಿ. ನಿಮಗೂ ಆಸಕ್ತಿಯಿದ್ದರೆ ಇದರಲ್ಲಿ ಐವತ್ತು ಸಾವಿರದಷ್ಟನ್ನು, ಅದನ್ನೂ ಮೂರು ನಾಲ್ಕು ಕಂತುಗಳಲ್ಲಿ, ಪ್ರತಿ ತ್ರೈಮಾಸಿಕದ ಫಲಿತಾಂಶ ನೋಡಿಕೊಂಡು ತೊಡಗಿಸಿ. ಷೇರುಪೇಟೆಯ ಬೆಳವಣಿಗೆಯಲ್ಲಿ ಪಾಲು ಬೇಕೆನ್ನುವುದಾದರೆ ಇನ್ನೊಂದು ಲಕ್ಷವನ್ನು, ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳಲ್ಲೂ ಹಣ ಹರಡುವ ಸೂಚ್ಯಂಕ ಆಧರಿತ ಮ್ಯೂಚುವಲ್ ಫಂಡಿಗೆ ತಿಂಗಳ ಕಂತಿನಲ್ಲಿ ಹಾಕಬಹುದು. ಉಳಿದದ್ದು ಠೇವಣಿಯಲ್ಲೇ ಇರಲಿ.

ತಾರಸಿಯ ಪ್ರಶ್ನೆಗೆ ಉತ್ತರ ನಿಮ್ಮ ವಿದ್ಯುತ್ ಬಿಲ್ಲಿನಲ್ಲಿದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಅಂಥ ಘಟಕ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ತಿಂಗಳಿಗೆ ಸರಿಸುಮಾರು 300ರಿಂದ 360 ಯೂನಿಟ್ ಕೊಡಬಲ್ಲದು. ಮನೆಯ ಬಳಕೆ ತಿಂಗಳಿಗೆ 300 ಯೂನಿಟ್‌ನಷ್ಟಿದ್ದು ಪೂರ್ತಿ ಬಿಲ್ ಕಟ್ಟುತ್ತಿದ್ದರೆ, ಇದು ಯಾವ ಷೇರಿಗಿಂತಲೂ ನೆಚ್ಚಬಹುದಾದ ಹೂಡಿಕೆ. ಉಳಿಯುವ ಹಣವನ್ನು ಪ್ರತಿ ತಿಂಗಳೂ ಕಣ್ಣಾರೆ ನೋಡಬಹುದು. ಆದರೆ ನಿಮ್ಮ ಬಳಕೆ 200 ಯೂನಿಟ್‌ನೊಳಗಿದ್ದು, ಗೃಹಜ್ಯೋತಿಯಡಿ ಬೆಸ್ಕಾಂನಿಂದ ಈಗಾಗಲೇ ಶೂನ್ಯ ಬಿಲ್ ಬರುತ್ತಿದ್ದರೆ ಉಳಿತಾಯವೆಂಬುದೇ ಇರುವುದಿಲ್ಲ. ಬೇರೆ ರಾಜ್ಯಗಳ ಲೆಕ್ಕವನ್ನು ನಮ್ಮ ಮನೆಗೆ ಹಾಗೆಯೇ ತಂದು ಹೇಳುವ ಮಾರಾಟಗಾರರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ.

ಪ್ರಶ್ನೆ: ಸೌರ ಕಂಪನಿಯೊಂದರ ಐಪಿಒದಲ್ಲಿ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಿದಾಗ) ನನಗೆ ಒಂದು ಲಾಟ್ ಷೇರು ಸಿಕ್ಕಿತು. ಪೇಟೆಗೆ ಬಂದ ದಿನವೇ ಬೆಲೆ ಬಹಳ ಏರಿತು, ಆಮೇಲೆ ಏರುಪೇರಾಗುತ್ತಿದೆ. ನನ್ನ ತಂಗಿ ಅಂದೇ ಮಾರಬೇಕಿತ್ತು ಎನ್ನುತ್ತಾಳೆ, ನಮ್ಮವರು ಹತ್ತು ವರ್ಷ ಮುಟ್ಟಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ? – ಓದುಗರು, ಹುಬ್ಬಳ್ಳಿ

ಉತ್ತರ: ಇಬ್ಬರ ಮಾತನ್ನೂ ಬದಿಗಿಟ್ಟು ನಿಮಗೆ ನೀವೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಷೇರು ನಿಮ್ಮ ಬಳಿ ಇಲ್ಲದಿದ್ದರೆ, ಇಂದಿನ ಬೆಲೆಗೆ ಕೈಯಿಂದ ಹಣ ಕೊಟ್ಟು ಕೊಳ್ಳುತ್ತಿದ್ದಿರಾ? ಹೌದು ಎಂದಾದರೆ ಇಟ್ಟುಕೊಳ್ಳಿ, ಇಲ್ಲವೆಂದಾದರೆ ಮಾರಿ. ಷೇರು ನಿಮಗೆ ಎಷ್ಟು ಬೆಲೆಗೆ ಸಿಕ್ಕಿತೆಂಬುದು ತೆರಿಗೆಗೆ ಮುಖ್ಯ. ಕಂಪನಿಯ ಮುಂದಿನ ಹತ್ತು ವರ್ಷಕ್ಕೂ ಅದಕ್ಕೂ ಸಂಬಂಧವಿಲ್ಲ.

ಐಪಿಒಗಳ ಮೊದಲ ದಿನವನ್ನು ಕಂಪನಿಯ ಗುಣದ ಅಳತೆಯೆಂದು ತಿಳಿಯಬಾರದು. 2024ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಪ್ರೀಮಿಯರ್ ಎನರ್ಜೀಸ್‌ನ 450 ರೂಪಾಯಿಯ ಷೇರು 990ಕ್ಕೆ ವಹಿವಾಟು ಆರಂಭಿಸಿತು. ಅಕ್ಟೋಬರ್‌ನಲ್ಲಿ ಗುಜರಾತಿನಲ್ಲಿ ಕಾರ್ಖಾನೆಗಳಿರುವ ವಾರೀ ಎನರ್ಜೀಸ್‌ನ 1,503 ರೂಪಾಯಿಯ ಷೇರು 2,500ಕ್ಕೆ ಆರಂಭವಾಯಿತು. ಒಂದು ವರ್ಷ ಕಳೆದು, 2025ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಎಮ್ವೀ ಫೋಟೋವೋಲ್ಟಾಯಿಕ್ 217 ರೂಪಾಯಿಗೆ ಷೇರು ಕೊಟ್ಟಾಗ ಅದು ಹೆಚ್ಚುಕಡಿಮೆ ಅದೇ ಬೆಲೆಗೆ ಪೇಟೆಯಲ್ಲಿ ಆರಂಭವಾಯಿತು. ಅದೇ ಉದ್ಯಮ, ಅದೇ ಸರ್ಕಾರದ ನೀತಿ. ಬದಲಾಗಿದ್ದು ಪೇಟೆಯ ಹುರುಪು ಮತ್ತು ಕೊಳ್ಳುವವರ ಮುಂದಿದ್ದ ಸೌರ ಷೇರುಗಳ ಸಂಖ್ಯೆ. ಐಪಿಒದಲ್ಲಿ ಷೇರು ಪಡೆದ ಸಾಮಾನ್ಯ ಹೂಡಿಕೆದಾರರು ಮೌಲ್ಯದ ಲೆಕ್ಕದಲ್ಲಿ ಅರ್ಧದಷ್ಟನ್ನು ಒಂದೇ ವಾರದಲ್ಲಿ ಮಾರಿಬಿಡುತ್ತಾರೆ ಎಂದು 2024ರಲ್ಲಿ ಸೆಬಿ ನಡೆಸಿದ ಅಧ್ಯಯನ ತೋರಿಸಿತ್ತು. ಹಾಗೆ ಮಾರಿದವರೆಲ್ಲ ಜಾಣರೂ ಅಲ್ಲ, ದಡ್ಡರೂ ಅಲ್ಲ.

ಪೇಟೆಗೆ ಬಂದು ಆರು ತಿಂಗಳಾದಾಗ ಹಳೆಯ ಷೇರುದಾರರಲ್ಲಿ ಹಲವರಿಗೆ ಮಾರುವ ನಿರ್ಬಂಧ ತೆರವಾಗುತ್ತದೆ. ಆ ದಿನಗಳಲ್ಲಿ ಬೆಲೆ ಕುಸಿದರೆ ಗಾಬರಿಯಾಗಬೇಡಿ. ಷೇರು ಹಂಚಿಕೆಯಾದ ದಿನದಿಂದ ಹನ್ನೆರಡು ತಿಂಗಳ ಒಳಗೆ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆ. ಆ ಅವಧಿ ದಾಟಿದ ಮೇಲೆ ಮಾರಿದರೆ ವರ್ಷದಲ್ಲಿ ಇಂಥ ಒಟ್ಟು ಲಾಭ 1.25 ಲಕ್ಷ ಮೀರಿದ ಭಾಗಕ್ಕೆ ಮಾತ್ರ ಶೇ 12.5. ಒಂದು ಲಾಟಿನ ಲಾಭ ಈ ಮಿತಿಯೊಳಗೇ ಇರುವ ಸಾಧ್ಯತೆ ಹೆಚ್ಚು. ವರ್ಷ ತುಂಬಲು ಕೆಲವೇ ವಾರ ಬಾಕಿಯಿದ್ದರೆ ಕಾಯುವುದು ಲಾಭಕರ.

ಪ್ರಶ್ನೆ: ನಮ್ಮ ಕುಟುಂಬದ ಹನ್ನೆರಡು ಎಕರೆ ಸೌರ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಗುತ್ತಿಗೆಯ ಹಣದಲ್ಲಿ ಉಳಿದದ್ದನ್ನು ಇಲ್ಲಿ ವಿದ್ಯುತ್ ಉತ್ಪಾದಿಸುವ ಕಂಪನಿಯ ಷೇರಿಗೇ ಹಾಕೋಣ ಎಂದು ಅಣ್ಣ ಹೇಳುತ್ತಾನೆ. ನಮ್ಮ ಹೊಲದಲ್ಲಿ ಹುಟ್ಟುವ ಕರೆಂಟಿನ ಲಾಭ ನಮಗೂ ಬರಲಿ ಎಂಬುದು ಅವನ ಆಸೆ. – ಓದುಗರು, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಅಣ್ಣನ ಆಸೆಯನ್ನು ನಾವು ಗೌರವಿಸುತ್ತೇವೆ. ಮಳೆ ನೆಚ್ಚಿ ಶೇಂಗಾ ಬೆಳೆಯುತ್ತಿದ್ದ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ವಿದ್ಯುತ್ ಹುಟ್ಟುತ್ತಿರುವಾಗ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗಿಂತ ಹೆಚ್ಚಿನ ಪಾಲು ನೆಲದ ಒಡೆಯನಿಗೆ ಬರಬೇಕು ಎಂದು ಅನ್ನಿಸುವುದು ಸಹಜ. ಆದರೆ ಷೇರು ಆ ಪಾಲನ್ನು ಕೊಡುವುದಿಲ್ಲ. ಪಾರ್ಕಿನಲ್ಲಿ ಸ್ಥಾವರ ನಡೆಸುವವರಲ್ಲಿ ಕೆಲವರ ಷೇರು ನಮ್ಮ ಪೇಟೆಯಲ್ಲಿ ಸಿಗುವುದೇ ಇಲ್ಲ. ಸಿಗುವಂಥವರಲ್ಲಿ ಟಾಟಾ ಪವರ್‌ನಂಥ ಕಂಪನಿಯನ್ನು ತೆಗೆದುಕೊಂಡರೆ, ಅದರ ಷೇರಿನೊಳಗೆ ಮುಂದ್ರಾದ ಕಲ್ಲಿದ್ದಲು ಸ್ಥಾವರವೂ ಒಡಿಶಾ ಮತ್ತು ದೆಹಲಿಯ ವಿದ್ಯುತ್ ವಿತರಣೆಯೂ ಸೇರಿರುತ್ತವೆ; ಪಾವಗಡ ಅದರಲ್ಲಿ ಒಂದು ಚೂರು.

ವಿದ್ಯುತ್ ಉತ್ಪಾದಿಸುವ ಕಂಪನಿಯ ವ್ಯವಹಾರ ಫಲಕ ತಯಾರಿಸುವ ಕಂಪನಿಯದಕ್ಕಿಂತ ಬೇರೆಯೇ ಸ್ವಭಾವದ್ದು. ಅದು ಬೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳೊಂದಿಗೋ ಕೇಂದ್ರದ ಸಂಸ್ಥೆಗಳೊಂದಿಗೋ ಸಾಮಾನ್ಯವಾಗಿ 25 ವರ್ಷಗಳ ಒಪ್ಪಂದ ಮಾಡಿಕೊಂಡಿರುತ್ತದೆ, ಯೂನಿಟ್‌ಗೆ ಇಷ್ಟು ಎಂಬ ದರ ಮೊದಲೇ ನಿಗದಿಯಾಗಿರುತ್ತದೆ, ಬಿಸಿಲು ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಕಟ್ಟಿ ಮುಗಿಸಿದ ಸ್ಥಾವರದ ಆದಾಯ ಸ್ಥಿರ, ಆದರೆ ಅದು ಬೆಳೆಯುವುದಿಲ್ಲ. ಕಂಪನಿ ಬೆಳೆಯಬೇಕಾದರೆ ಹೊಸ ಸ್ಥಾವರ ಕಟ್ಟಬೇಕು, ಕಟ್ಟುವ ವೆಚ್ಚದ ಬಹುಪಾಲು ಸಾಲದಿಂದ ಬರುತ್ತದೆ. ಬಡ್ಡಿ ದರ ಒಂದಿಷ್ಟು ಏರಿದರೂ ಲಾಭ ಕರಗುತ್ತದೆ. ಜೊತೆಗೆ, ಕಡಿಮೆ ದರ ಹೇಳಿದವರಿಗೆ ಯೋಜನೆ ಸಿಗುವ ಹರಾಜಿನ ಪೈಪೋಟಿಯಲ್ಲಿ ದರಗಳು ನೆಲಕಚ್ಚಿವೆ: 2010ರ ಹೊತ್ತಿನಲ್ಲಿ ಯೂನಿಟ್‌ಗೆ 10 ರೂಪಾಯಿ ಮೀರಿದ್ದ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೂ, 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆಗೂ ಇಳಿಯಿತು. ಗೆದ್ದೆವೆಂದು ಬೀಗಿದ ಕಂಪನಿಗೆ ಆ ದರದಲ್ಲಿ ಏನು ಉಳಿಯಿತು ಎಂಬುದು ತಿಳಿಯಲು ವರ್ಷಗಳೇ ಬೇಕು. ಈಚೆಗೆ ಇನ್ನೆರಡು ತೊಡಕುಗಳು ಸೇರಿವೆ. ರಾಜಸ್ಥಾನದಲ್ಲಿ ಸ್ಥಾವರ ಸಿದ್ಧವಾದರೂ ವಿದ್ಯುತ್ ಸಾಗಿಸಲು ಸಾಕಷ್ಟು ಮಾರ್ಗಗಳಿಲ್ಲದೆ ಉತ್ಪಾದನೆಯನ್ನು ಕಡಿತಗೊಳಿಸಬೇಕಾಗಿ ಬಂದಿದೆ. ಹರಾಜಿನಲ್ಲಿ ಗೆದ್ದ ಹಲವು ಯೋಜನೆಗಳಿಗೆ ಕೊಳ್ಳುವವರ ಸಹಿ ಬಿದ್ದಿಲ್ಲ. ಆದ್ದರಿಂದ ಕಂಪನಿಯೊಂದು ನಮ್ಮ ಕೈಯಲ್ಲಿ ಇಷ್ಟು ಸಾವಿರ ಮೆಗಾವಾಟ್ ಯೋಜನೆಗಳಿವೆ ಎಂದಾಗ, ಅದರಲ್ಲಿ ಓಡುತ್ತಿರುವುದು ಎಷ್ಟು, ಕೊಳ್ಳುವ ಒಪ್ಪಂದವಾಗಿರುವುದು ಎಷ್ಟು ಎಂದು ಬಿಡಿಸಿ ನೋಡಬೇಕು.

ಸ್ಥಾವರ ಚೆನ್ನಾಗಿ ನಡೆದರೆ ಷೇರೂ ಚೆನ್ನಾಗಿರುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಭಾರತದಲ್ಲಿ ಸೌರ ಸ್ಥಾವರಗಳನ್ನು ನಡೆಸುವ ಅಜೂರ್ ಪವರ್ 2016ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ 18 ಡಾಲರ್‌ಗೆ ಷೇರು ಕೊಟ್ಟಿತ್ತು. ಆಡಳಿತದೊಳಗಿನ ಅಕ್ರಮಗಳ ಬಗ್ಗೆ ದೂರುಗಳು ಎದ್ದು, ಲೆಕ್ಕಪತ್ರ ಸಲ್ಲಿಕೆ ತಡವಾಗಿ, 2023ರಲ್ಲಿ ಆ ಪೇಟೆಯಿಂದಲೇ ಅದು ಹೊರಬಿತ್ತು. ಅದರ ಫಲಕಗಳು ಅಂದೂ ವಿದ್ಯುತ್ ಕೊಡುತ್ತಿದ್ದವು.

ಇದೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಕುಟುಂಬದ ಸ್ಥಿತಿ. ನಿಮ್ಮ ನೆಲ ಸೌರ ವಿದ್ಯುತ್ತಿಗೆ ಕಟ್ಟುಬಿದ್ದಿದೆ, ವರ್ಷದ ಆದಾಯವೂ ಅದರಿಂದಲೇ. ಉಳಿತಾಯವನ್ನೂ ಅಲ್ಲಿಗೇ ಹಾಕಿದರೆ ಎಲ್ಲ ಬೀಜವನ್ನೂ ಒಂದೇ ಹೊಲಕ್ಕೆ ಬಿತ್ತಿದಂತಾಗುತ್ತದೆ. ಈ ಹಣ ಸೂರ್ಯನೊಂದಿಗೆ ಸಂಬಂಧವಿಲ್ಲದ ಕಡೆಗೆ ಹೋಗಲಿ: ಅಂಚೆ ಕಚೇರಿಯ ಯೋಜನೆ, ಬ್ಯಾಂಕ್ ಠೇವಣಿ, ಸ್ವಲ್ಪ ಭಾಗ ಹಲವು ಉದ್ಯಮಗಳಲ್ಲಿ ಹರಡಿಕೊಂಡ ಮ್ಯೂಚುವಲ್ ಫಂಡ್. ಗುತ್ತಿಗೆಯ ದರ ಸಾಲದು ಎಂಬ ನಿಮ್ಮ ಅಸಮಾಧಾನಕ್ಕೆ ಪರಿಹಾರ ಗುತ್ತಿಗೆ ಒಪ್ಪಂದದ ಮಾತುಕತೆಯಲ್ಲಿ ಸಿಗಬೇಕು. ರೈತರು ಅದನ್ನು ಒಟ್ಟಾಗಿ ಕೇಳುವುದು ನ್ಯಾಯವೇ.

ಪ್ರಶ್ನೆ: ವಾಟ್ಸ್ಆ್ಯಪ್ ಗುಂಪೊಂದರಲ್ಲಿ, ಇನ್ನೂ ಪೇಟೆಗೆ ಬಾರದ ಸೌರ ಕಂಪನಿಯ ಷೇರನ್ನು ಈಗಲೇ ಕಡಿಮೆ ಬೆಲೆಗೆ ಕೊಡುತ್ತೇವೆ, ಐಪಿಒ ಆಗುವವರೆಗೆ ತಿಂಗಳಿಗೆ ಶೇ 3 ಖಾತರಿ ಲಾಭವನ್ನೂ ಕೊಡುತ್ತೇವೆ ಎನ್ನುತ್ತಿದ್ದಾರೆ. ನಂಬಬಹುದೇ? – ಓದುಗರು, ಕಲಬುರಗಿ

ಉತ್ತರ: ನಂಬಬೇಡಿ, ಒಂದು ರೂಪಾಯಿಯನ್ನೂ ಕಳಿಸಬೇಡಿ. ಷೇರಿನಲ್ಲಿ ಖಾತರಿ ಲಾಭ ಕೊಡುತ್ತೇವೆ ಎನ್ನಲು ಸೆಬಿಯಲ್ಲಿ ನೋಂದಾಯಿಸಿದ ಯಾವ ಸಲಹೆಗಾರನಿಗೂ ಅನುಮತಿಯಿಲ್ಲ. ಆ ಒಂದು ಮಾತಿನಿಂದಲೇ ಇದು ಮೋಸವೆಂದು ತೀರ್ಮಾನಿಸಬಹುದು. ಪೇಟೆಗೆ ಬಾರದ ಷೇರುಗಳ ಕೊಡು–ಕೊಳ್ಳುವಿಕೆ ಕಾನೂನಿನಲ್ಲಿ ಇದೆ, ನಿಜ. ಆದರೆ ಆ ಷೇರು ನಿಮ್ಮ ಡಿಮ್ಯಾಟ್ ಖಾತೆಗೆ, ಅಂದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆಗೆ, ಬಂದು ಕೂರಬೇಕು. ಗುಂಪಿನವರು ಕೊಡುವ ಆ್ಯಪ್‌ನ ಪರದೆಯಲ್ಲಿ ಕಾಣುವ ಅಂಕಿ ಷೇರಲ್ಲ. ಐಪಿಒ ನಡೆದರೂ ಅಂಥ ಷೇರನ್ನು ಸಾಮಾನ್ಯವಾಗಿ ಆರು ತಿಂಗಳು ಮಾರಲಾಗದು, ಐಪಿಒ ಬೆಲೆ ನೀವು ಕೊಂಡದ್ದಕ್ಕಿಂತ ಕೆಳಗೂ ಇರಬಹುದು.

ಹಣ ಕೇಳುವವರ ಯುಪಿಐ ವಿಳಾಸವನ್ನು ನೋಡಿ. 2025ರ ಅಕ್ಟೋಬರ್‌ನಿಂದ ಸೆಬಿ ನೋಂದಣಿಯಿರುವ ದಲ್ಲಾಳಿಗಳು ಮತ್ತು ಮ್ಯೂಚುವಲ್ ಫಂಡ್‌ಗಳ ಯುಪಿಐ ವಿಳಾಸದಲ್ಲಿ ‘ವ್ಯಾಲಿಡ್’ (@valid) ಎಂಬ ಪದವಿರುತ್ತದೆ, ಹಣ ಪಾವತಿಸುವಾಗ ಹಸಿರು ತ್ರಿಕೋನದೊಳಗೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಾಣುತ್ತದೆ. ವ್ಯಕ್ತಿಯೊಬ್ಬರ ಹೆಸರಿನ ಖಾತೆಗೋ ಎಂದೂ ಕೇಳಿರದ ಟ್ರೇಡರ್ಸ್ ಹೆಸರಿನ ಖಾತೆಗೋ ಹಣ ಹಾಕಲು ಹೇಳಿದರೆ ಗುಂಪಿನಿಂದ ಹೊರಬನ್ನಿ. ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ಮನಿರಬೇಡಿ; ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಸಾಗಿಹೋಗುವ ಮೊದಲು ದೂರು ದಾಖಲಾದರೆ ಅದನ್ನು ತಡೆಹಿಡಿಯುವ ಅವಕಾಶ ಇನ್ನೂ ಇರುತ್ತದೆ. ಗುಂಪಿನ ಸಂದೇಶಗಳನ್ನು, ಹಣ ಕಳಿಸಿದ ರಸೀತಿಯನ್ನು ಅಳಿಸದೆ ಇಟ್ಟುಕೊಂಡಿರಿ.